‘ಬಾ’ ಎಂಬ ಮಾತಿನ ಮೂಲ

ಬಾಂದ್ರಾದ ಕನ್ನಡಿಗರೆಲ್ಲ ಒಂದೇ ಸೀಮೆಯವರಲ್ಲ. ಮೈಸೂರಿನವರು ‘ಬರ್ತೀನಿ’ ಎಂದರೆ, ಧಾರವಾಡದ ಕಡೆಯವರು ‘ಬರ್ತೇನಿ’ ಎನ್ನುತ್ತಾರೆ, ಕುಂದಾಪುರದವರು ‘ಬತ್ತೆ’ ಎನ್ನುತ್ತಾರೆ. ಒಬ್ಬರ ಮಾತು ಮತ್ತೊಬ್ಬರಿಗೆ ನಗೆಯ ವಿಷಯವಾಗುವುದುಂಟು. ಇವರಲ್ಲಿ ಯಾರ ಕನ್ನಡ ಕೆಟ್ಟದ್ದು? ಈ ಕ್ರಿಯಾಪದದ ಮೂಲವನ್ನು ಹುಡುಕಿದರೆ ಉತ್ತರ ಸಿಕ್ಕುತ್ತದೆ.

‘ಮಾಡು’ ಎಂಬ ಧಾತು ಸರಳವಾದದ್ದು: ಮಾಡುತ್ತೇನೆ, ಮಾಡಿದೆನು, ಮಾಡೆನು, ಮಾಡು. ‘ಬರು’ ಹಾಗಲ್ಲ: ಬರುತ್ತೇನೆ, ಬಂದೆನು, ಬಾರೆನು, ಬಾ. ಒಂದೇ ಧಾತು ಬರ್, ಬಂ, ಬಾ ಎಂದು ರೂಪ ಬದಲಿಸುತ್ತದೆ. ‘ತರು’ ಧಾತುವಿನದೂ ಇದೇ ಕ್ರಮ: ತಂದೆನು, ತಾರೆನು, ತಾ.

ಈಗ ಪಕ್ಕದ ಧಾರಾವಿಯ ತಮಿಳರ ಮಾತನ್ನು ಕೇಳಿರಿ. ‘ಬಾ’ ಎನ್ನಲು ಅವರು ‘ವಾ’ ಎನ್ನುತ್ತಾರೆ. ‘ಬಂದೆನು’ ಎಂಬುದು ‘ವಂದೇನ್’. ‘ಬಾರೆನು’ ಎಂಬುದಕ್ಕೆ ಹಳೆಯ ತಮಿಳಿನಲ್ಲಿ ‘ವಾರೇನ್’. ತಮಿಳಿನ ಮೊದಲ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ನಿಯಮ: ವಾಯ್–ಬಾಯಿ, ವಿಲ್–ಬಿಲ್ಲು, ವೇರ್–ಬೇರು. ಇಷ್ಟು ವಿಚಿತ್ರವಾದ ರೂಪಭೇದ ಎರಡು ಭಾಷೆಗಳಲ್ಲಿ ಬೇರೆಬೇರೆಯಾಗಿ ಹುಟ್ಟಿರಲಾರದು. ಅದು ಇಬ್ಬರಿಗೂ ಪಿತ್ರಾರ್ಜಿತವಾಗಿ ಬಂದ ಆಸ್ತಿ.

ಆದಕಾರಣ ಪಂಡಿತರು ಮೂಲದ್ರಾವಿಡದಲ್ಲಿ *ವರ್, *ವಾ ಎಂಬ ರೂಪಗಳಿದ್ದುವೆಂದು ಊಹಿಸುತ್ತಾರೆ. ಹಿಂದಿನ ಚುಕ್ಕೆಗೆ, ‘ಇದು ಯಾವ ಶಾಸನದಲ್ಲಿಯೂ ದೊರೆತದ್ದಲ್ಲ, ಹೋಲಿಕೆಯಿಂದ ಕಟ್ಟಿದ್ದು’ ಎಂದರ್ಥ. ಐರಿಷ್, ವೆಲ್ಷ್ ಮೊದಲಾದ ಕೆಲ್ಟಿಕ್ ಭಾಷೆಗಳ ಮೂಲಧಾತುಗಳನ್ನೂ ಹೀಗೆಯೇ ಕಟ್ಟಿದ್ದಾರೆ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿಕೋಶದಲ್ಲಿ ಈ ಧಾತುವಿನ ಬಳಗವೆಲ್ಲ ಒಂದೆಡೆ ಕೂಡಿದೆ. ಛೋಟಾನಾಗಪುರದ ಕುಡುಖರೂ ಬಲೂಚಿಸ್ತಾನದ ಬ್ರಾಹುಯಿಗಳೂ ‘ಬರ್’ ಧಾತುವನ್ನೇ ಬಳಸುತ್ತಾರೆ. ತೆಲುಗಿನ ‘ರಾ’ ಕೂಡ ಇದರದೇ ಕವಲು. ಅಲ್ಲಿ ಅಕ್ಷರಗಳು ಸ್ಥಾನ ಬದಲಿಸಿ, ಮೊದಲ ವಕಾರ ಉದುರಿಹೋಗಿದೆ. ಮರಾಠಿಯ ‘ಯೇ’ ಮಾತ್ರ ಬೇರೆ ಮನೆತನದ್ದು.

ಇನ್ನು ಕುಂದಾಪುರದ ‘ಬತ್ತೆ’. ‘ಬರ್ತೆ’ ಎಂಬುದರಲ್ಲಿ ತಕಾರದ ಮುಂದಿನ ರೇಫೆ ಬಿದ್ದು ತಕಾರ ಇಮ್ಮಡಿಯಾಗಿದೆ, ಅಷ್ಟೆ. ಹಳಗನ್ನಡದ ‘ಬರ್ಪೆಂ’ ನಡುಗನ್ನಡದಲ್ಲಿ ‘ಬಪ್ಪೆನು’ ಆದದ್ದೂ ಇದೇ ರೀತಿಯಿಂದ. ಕಾವ್ಯದಲ್ಲಿ ಒಪ್ಪಿದ್ದು ಹೋಟೆಲಿನ ಹುಡುಗನ ಬಾಯಲ್ಲಿ ತಪ್ಪಾಗುವುದೆಂತು? ಎಚ್ಚರ ಬೇಕಾದದ್ದು ಒಂದೇ ಕಡೆ: ತುಳುವಿನಲ್ಲಿ ‘ಆಯೆ ಬತ್ತೆ’ ಎಂದರೆ ‘ಅವನು ಬಂದನು’ ಎಂದರ್ಥ!

ನಾವು ಶುದ್ಧವೆಂದು ಬರೆಯುವ ‘ಬರುತ್ತೇನೆ’ಯೂ ‘ಬರ್ಪೆಂ’ ಎಂಬುದಕ್ಕಿಂತ ಈಚಿನದು. ಮೂಲರೂಪವನ್ನು ಬದಲಿಲ್ಲದೆ ಉಳಿಸಿಕೊಂಡ ಸೀಮೆ ಯಾವುದೂ ಇಲ್ಲ. ಮೂಲಧಾತುವನ್ನು ಕಳೆದುಕೊಂಡ ಸೀಮೆಯೂ ಇಲ್ಲ. ಪಕ್ಕದವರ ಮಾತು ಕಿವಿಗೆ ಹೊಸದೆನಿಸಿದಾಗ ನಗುವ ಬದಲು, ಅದು ಯಾವ ನಿಯಮದಿಂದ ಹಾಗಾಯಿತೆಂದು ವಿಚಾರಿಸಿ ನೋಡುವುದು ಲೇಸು.