ವಾರ್ಷಿಕದ ದಿನ ಲೆಕ್ಕ ಓದುವಾಗ ಎದ್ದು ಹೋಗಬೇಡಿ

  ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಬೀಡಿಯ ತಡ್ಪೆ ಮಡಿಲಲ್ಲಿಟ್ಟುಕೊಂಡು, ಕೆಲವರು ಒಲೆಯ ಮುಂದೆ ಕುಳಿತು ರೇಡಿಯೋ ಕೇಳುತ್ತಿರಬಹುದು. ಕೆಲಸ ನಿಲ್ಲಿಸುವುದು ಬೇಡ. ಕಿವಿ ಇತ್ತ ಕೊಟ್ಟರೆ ಸಾಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮೆಟ್ರಿಕ್ ಓದಿದ್ದು, ದೊಡ್ಡ ಅರ್ಥಶಾಸ್ತ್ರವೆಲ್ಲ ತಿಳಿಯದು. ಆದರೆ ಕೌಂಟರಿನ ಈಚೆ ಕುಳಿತು ನಿಮ್ಮ ಕುಟುಂಬಶ್ರೀ ಅಯಲ್‌ಕೂಟಗಳ ಪಾಸ್‌ಪುಸ್ತಕಗಳನ್ನು ವರ್ಷಗಟ್ಟಲೆ ತಿರುವಿದ್ದೇನೆ. ಆ ಅನುಭವದ ಮೇಲೆ ಇಂದು ನಿಮ್ಮ ವಾರ್ಷಿಕದ ಬಗ್ಗೆ ಎರಡು ಮಾತು ಹೇಳುತ್ತೇನೆ.

ವಾರ್ಷಿಕ ಎಂದರೆ ನಿಮಗೆ ಗೊತ್ತಿದ್ದದ್ದೇ. ಶಾಲೆಯ ಅಂಗಳದಲ್ಲಿ ಚಪ್ಪರ, ಎಲ್ಲರಿಗೂ ಒಂದೇ ಬಣ್ಣದ ಸೀರೆ, ಮುತ್ತುಕೊಡೆ ಹಿಡಿದು ಮೆರವಣಿಗೆ. ಪ್ರಾರ್ಥನೆ, ಸ್ವಾಗತ, ಉದ್ಘಾಟನೆ. ಮೇಜಿನ ಮೇಲೆ ಹಲಸಿನ ಹಪ್ಪಳ, ಉಪ್ಪಿನಕಾಯಿ, ಹೊಲಿದ ಚೀಲ. ಒಂದು ಕಡೆ ತಿರುವಾದಿರಕ್ಕೆ ಹೆಣ್ಣುಮಕ್ಕಳು ಹೂ ಮುಡಿಯುತ್ತಾರೆ, ಇನ್ನೊಂದು ಕಡೆ ಒಪ್ಪನದ ತಂಡ ಸಾಲು ನಿಲ್ಲುತ್ತದೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಚಪ್ಪರದ ಕೆಳಗೆ ಕೇಳುತ್ತದೆ. ನಮ್ಮ ಕಾಸರಗೋಡಿನ ಚಂದವೇ ಅದು. ಈ ನಡುವೆ ಕಾರ್ಯದರ್ಶಿ ಎದ್ದು ವರದಿ ಮತ್ತು ಲೆಕ್ಕ ಓದುತ್ತಾರೆ. ಆಗಲೇ ಹಿಂದಿನ ಸಾಲಿನವರು ಅಡುಗೆಯ ಕಡೆಗೆ ಹೋಗುತ್ತಾರೆ. ಯಾವ ವಾರ್ಷಿಕಕ್ಕೆ ಹೋದರೂ ಇದನ್ನು ನೋಡಿದ್ದೇನೆ. ಉದ್ಘಾಟಕರ ಭಾಷಣ ನಲವತ್ತು ನಿಮಿಷ, ಲೆಕ್ಕ ಓದಲು ನಾಲ್ಕು ನಿಮಿಷ!

ಈ ಸಂಘಟನೆ ಎಲ್ಲಿಂದ ಬಂತು ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆಯವರು 1980ರ ದಶಕದಲ್ಲಿ ಹಳ್ಳಿಯ ಬಡವರ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿದರು. 1992ರಲ್ಲಿ ನಬಾರ್ಡ್, ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಕೇರಳದಲ್ಲಿ ಆಲಪ್ಪುಳ ಮತ್ತು ಮಲಪ್ಪುರದಲ್ಲಿ ಮಾಡಿ ನೋಡಿದ ಕೆಲಸದ ಆಧಾರದ ಮೇಲೆ 1998ರ ಮೇ 17ರಂದು ಮಲಪ್ಪುರದಲ್ಲಿ ಪ್ರಧಾನಿ ವಾಜಪೇಯಿಯವರು ಕುಟುಂಬಶ್ರೀಯನ್ನು ಉದ್ಘಾಟಿಸಿದರು. ಇಂದು ಅದರಲ್ಲಿ 40 ಲಕ್ಷಕ್ಕೂ ಹೆಚ್ಚು ಹೆಂಗಸರಿದ್ದಾರೆ. ಕೆಳಗೆ ಹತ್ತರಿಂದ ಇಪ್ಪತ್ತು ಮನೆಯವರ ಅಯಲ್‌ಕೂಟ, ಅಂದರೆ ನೆರೆಕರೆಯ ಕೂಟ. ಒಂದು ವಾರ್ಡಿನ ಕೂಟಗಳೆಲ್ಲ ಸೇರಿ ಎ.ಡಿ.ಎಸ್. ಪಂಚಾಯತಿನ ಮಟ್ಟದಲ್ಲಿ ಸಿ.ಡಿ.ಎಸ್.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಾರ್ಷಿಕದಲ್ಲಿ ಓದುವ ಆ ಹಣ ಯಾರದು? ಸರಕಾರದ್ದು ಎಂದು ತಿಳಿದವರು ಇನ್ನೂ ಇದ್ದಾರೆ. ಹದಿನೈದು ಜನರ ಕೂಟದಲ್ಲಿ ಒಬ್ಬೊಬ್ಬರು ವಾರಕ್ಕೆ 20 ರೂಪಾಯಿ ಇಟ್ಟರೆ ಒಂದು ವರ್ಷಕ್ಕೆ 15,600 ರೂಪಾಯಿ ಆಗುತ್ತದೆ. ಅದು ನಿಮ್ಮ ಬೀಡಿಯ ಹಣ, ಹಾಲಿನ ಹಣ, ಅಡಿಕೆ ಸುಲಿದ ಹಣ. ಅದರಿಂದಲೇ ಒಳಗೊಳಗೆ ಸಾಲ ಕೊಡುತ್ತೀರಿ, ಬಡ್ಡಿ ಬರುತ್ತದೆ, ಆ ಬಡ್ಡಿಯೂ ನಿಮ್ಮದೇ. ಬ್ಯಾಂಕಿನಿಂದ ಬರುವ ಲಿಂಕೇಜ್ ಸಾಲ ಬೇರೆ. ಅದನ್ನು ಬ್ಯಾಂಕು ಕೂಟದ ಹೆಸರಿಗೆ ಕೊಡುತ್ತದೆ. ಒಬ್ಬಾಕೆ ಕಟ್ಟದಿದ್ದರೆ ಬ್ಯಾಂಕು ಕೂಟವನ್ನೇ ಕೇಳುತ್ತದೆ. ಹಾಗಾಗಿ ಪಕ್ಕದ ಮನೆಯವಳ ಲೆಕ್ಕ ನಿಮಗೆ ಸಂಬಂಧವಿಲ್ಲದ್ದಲ್ಲ.

ಬಡ್ಡಿಯ ಮಾತು ಬಂತಲ್ಲ, ಒಂದು ಉದಾಹರಣೆ ಕೊಡುತ್ತೇನೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಎಂದು ನಿಶ್ಚಯಿಸಿದ್ದೀರಿ. ನೀವು 10,000 ರೂಪಾಯಿ ತೆಗೆದು ತಿಂಗಳಿಗೆ ಸಾವಿರದಂತೆ ಹತ್ತು ತಿಂಗಳಲ್ಲಿ ತೀರಿಸುತ್ತೀರಿ. ಪ್ರತಿ ತಿಂಗಳೂ ಪೂರ್ತಿ ಹತ್ತು ಸಾವಿರಕ್ಕೇ ಬಡ್ಡಿ ಹಾಕಿದರೆ ಒಟ್ಟು 1,000 ರೂಪಾಯಿ. ಬಾಕಿ ಉಳಿದದ್ದಕ್ಕೆ ಮಾತ್ರ ಹಾಕಿದರೆ ಮೊದಲ ತಿಂಗಳು ನೂರು, ಮತ್ತೆ ತೊಂಬತ್ತು, ಎಂಬತ್ತು, ಹೀಗೆ ಇಳಿದು ಒಟ್ಟು 550 ರೂಪಾಯಿ. ಬಾಯಲ್ಲಿ ಹೇಳುವ ದರ ಎರಡಕ್ಕೂ ಒಂದೇ, ಕೈಯಿಂದ ಹೋಗುವ ಹಣದಲ್ಲಿ 450 ರೂಪಾಯಿ ವ್ಯತ್ಯಾಸ. ನಿಮ್ಮ ಕೂಟದಲ್ಲಿ ಯಾವ ಕ್ರಮ ಎಂದು ಕೇಳಿದ್ದೀರಾ? ಕೇಳದಿದ್ದರೆ ಈ ಸಲ ಕೇಳಿ. ಮೊದಲನೆಯ ಕ್ರಮವಾದರೆ ಅದು ಕಳ್ಳತನ ಎಂದು ನಾನು ಹೇಳುವುದಿಲ್ಲ, ಆ ಹಣ ಕೂಟಕ್ಕೇ ಬರುತ್ತದೆ. ಆದರೆ ಸಾಲ ತೆಗೆಯುವವಳು ಹೆಚ್ಚಾಗಿ ಕಷ್ಟದಲ್ಲಿರುವವಳು. ಕಷ್ಟದವಳಿಂದ ಹೆಚ್ಚು ತೆಗೆದು ಉಳಿದವರು ಹಂಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಭಾಷೆಯ ತೊಂದರೆ. ನಮ್ಮವರಿಗೆ ಸಂತೆಗೆ ಬೇಕಾದಷ್ಟು, ಬಸ್ಸಿಗೆ ಬೇಕಾದಷ್ಟು ಮಲಯಾಳ ಬರುತ್ತದೆ. ಲೆಕ್ಕದ ಮಲಯಾಳ ಬೇರೆ. ವಾಯ್ಪ ಎಂದರೆ ಸಾಲ, ಪಲಿಶ ಎಂದರೆ ಬಡ್ಡಿ, ತಿರಿಚ್ಚಡವ್ ಎಂದರೆ ಮರುಪಾವತಿ. ವರವು ಬಂದದ್ದು, ಚೆಲವು ಖರ್ಚಾದದ್ದು. ನೀಕ್ಕಿಯಿರಿಪ್ಪ್ ಎಂದರೆ ನಮ್ಮ ಶಿಲ್ಕು, ಕೈಯಲ್ಲಿ ಉಳಿದದ್ದು. ಕುಡಿಶ್ಶಿಕ ಎಂದರೆ ಕಟ್ಟದೆ ಉಳಿದ ಬಾಕಿ. ಈ ಏಳು ಶಬ್ದಗಳನ್ನು ಬೀಡಿ ಕಟ್ಟುತ್ತಾ ಬಾಯಿಪಾಠ ಮಾಡಿಕೊಳ್ಳಿ. ಕೊನೆಯ ಶಬ್ದದ ಬಗ್ಗೆ ಒಂದು ಕಥೆ ಇದೆ.

ನಾನು ನಿವೃತ್ತನಾಗುವ ಮೊದಲಿನ ಮಾತು. ಒಂದು ವಾರ್ಡಿನ ವಾರ್ಷಿಕಕ್ಕೆ ನಮ್ಮ ಶಾಖೆಯ ಪರವಾಗಿ ನನ್ನನ್ನು ಕಳಿಸಿದ್ದರು. ಯಾವ ಊರು ಎಂದು ಹೇಳುವುದಿಲ್ಲ. ವರದಿಯ ಕೊನೆಗೆ ವೇದಿಕೆಯಿಂದ ಕೆಲವು ಹೆಸರು ಓದಿದರು. ಮುಂದಿನ ಸಾಲಿನಲ್ಲಿದ್ದ ಅರುವತ್ತು ದಾಟಿದ ಒಬ್ಬ ಅಮ್ಮ ತನ್ನ ಹೆಸರು ಕೇಳಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ವೇದಿಕೆಗೆ ಕೈಮುಗಿದರು. ಬಹುಮಾನಕ್ಕೆ ಕರೆದರು ಎಂದು ಅವರು ತಿಳಿದದ್ದು. ಓದಿದ್ದು ಕುಡಿಶ್ಶಿಕದ ಪಟ್ಟಿ. ಹಿಂದಿನಿಂದ ಯಾರೋ ನಕ್ಕರು, ಆಮೇಲೆ ಹಲವರು ನಕ್ಕರು. ಪಕ್ಕದವಳು ಸೆರಗೆಳೆದು ಕೂರಿಸಿದಳು.

ಊಟದ ಹೊತ್ತಿಗೆ ಆ ಅಮ್ಮ ನನ್ನ ಹತ್ತಿರ ಬಂದು ತನ್ನ ಚಿಕ್ಕ ಪಾಸ್‌ಪುಸ್ತಕ ತೋರಿಸಿದರು. ‘ನಾನು ಕಟ್ಟಿದ್ದೇನೆ ಮಗಾ’ ಎಂದರು. ಅವರ ಪುಸ್ತಕದಲ್ಲಿ ಕಟ್ಟಿದ ಮೊತ್ತ 1,840 ರೂಪಾಯಿ ಇತ್ತು. ಕೂಟದ ಲೆಡ್ಜರಿನಲ್ಲಿ 1,480. ವ್ಯತ್ಯಾಸ 360. ಬ್ಯಾಂಕಿನಲ್ಲಿ ನಮಗೆ ಹಳಬರು ಕಲಿಸಿದ ಒಂದು ಉಪಾಯವಿದೆ. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದೆ ಹೋದರೆ, ಬರೆಯುವಾಗ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರಬಹುದು. 360ರಲ್ಲಿ ಒಂಬತ್ತು ನಲವತ್ತು ಸಲ ಹೋಗುತ್ತದೆ. ಪುಟ ತಿರುವಿ ನೋಡಿದೆವು. ಹಿಂದಿನ ಪುಟದ ಕೊನೆಯಲ್ಲಿ 1,840 ಸರಿಯಾಗಿಯೇ ಇತ್ತು, ಮುಂದಿನ ಪುಟದ ತಲೆಗೆ ಎತ್ತಿ ಬರೆಯುವಾಗ ಎಂಟು ನಾಲ್ಕು ಹಿಂದುಮುಂದಾಗಿತ್ತು. ಬರೆದ ಹುಡುಗಿಯದು ಮೋಸವಲ್ಲ. ಅಂತಹ ತಪ್ಪು ನಾನೇ ಎಷ್ಟೋ ಮಾಡಿದ್ದೇನೆ, ಸಂಜೆ ಏಳರವರೆಗೆ ಕುಳಿತು ಹುಡುಕಿದ್ದೇನೆ.

ಇನ್ನೊಂದು ಉಪಾಯವನ್ನೂ ಹೇಳಿಬಿಡುತ್ತೇನೆ. ವ್ಯತ್ಯಾಸ ಒಂಬತ್ತರಿಂದ ಭಾಗವಾಗದಿದ್ದರೆ ಅದರ ಅರ್ಧ ಮಾಡಿ, ಅಷ್ಟು ಮೊತ್ತದ ಬರಹ ಎಲ್ಲಾದರೂ ಇದೆಯೇ ನೋಡಿ. ಜಮಾದಲ್ಲಿ ಬರೆಯಬೇಕಾದ ನೂರು ರೂಪಾಯಿಯನ್ನು ಖರ್ಚಿನಲ್ಲಿ ಬರೆದರೆ ಲೆಕ್ಕ ಇನ್ನೂರು ತಪ್ಪುತ್ತದೆ. ಇವೆರಡೂ ಸುಳಿವು ಮಾತ್ರ, ಪುಟ ತಿರುವಿ ನೋಡಿದ ಮೇಲೆಯೇ ನಿಶ್ಚಯ.

ಮುಂದಿನ ವಾರದ ಕೂಟದಲ್ಲಿ ಲೆಡ್ಜರು ತಿದ್ದಿ, ಅಧ್ಯಕ್ಷೆ ಕಾರ್ಯದರ್ಶಿ ಇಬ್ಬರೂ ರುಜು ಹಾಕಿದರು. ಹಣದ ಲೆಕ್ಕ ಸರಿಯಾಯಿತು. ಆದರೆ ಹೆಸರು ಓದಿದ್ದು ಇನ್ನೂರು ಜನರ ಮುಂದೆ, ತಿದ್ದಿದ್ದು ಹನ್ನೆರಡು ಜನರ ಮುಂದೆ. ಮರುವರ್ಷದ ವಾರ್ಷಿಕಕ್ಕೆ ಆ ಅಮ್ಮ ಬರಲಿಲ್ಲ. ಮೊಣಕಾಲು ನೋವು ಎಂದರಂತೆ.

ಹಾಗಾಗಿ ಕಾರ್ಯದರ್ಶಿಗಳಾದ ಅಕ್ಕಂದಿರಿಗೆ ನನ್ನದೊಂದು ವಿನಂತಿ. ಬಾಕಿದಾರರ ಹೆಸರನ್ನು ಮೈಕಿನಲ್ಲಿ ಓದಲೇಬೇಡಿ. ಅದು ಕೂಟದೊಳಗೆ ಆಗಬೇಕಾದ ಮಾತು. ಓದಬೇಕಾದದ್ದು ಮೊತ್ತಗಳನ್ನು: ಆರಂಭದ ಶಿಲ್ಕು, ಉಳಿತಾಯ, ಕೊಟ್ಟ ಸಾಲ, ಬಂದ ಬಡ್ಡಿ, ಬ್ಯಾಂಕಿನ ಸಾಲದಲ್ಲಿ ಉಳಿದದ್ದು, ಕೊನೆಯ ಶಿಲ್ಕು. ಲೆಕ್ಕ ಮಾರ್ಚ್ 31ಕ್ಕೆ ಮುಗಿಸಿ, ಬ್ಯಾಂಕಿನ ಪಾಸ್‌ಪುಸ್ತಕಕ್ಕೆ ತಾಳೆ ನೋಡಿ. ವಾರ್ಷಿಕಕ್ಕೆ ಒಂದು ವಾರ ಮೊದಲೇ ಪ್ರತಿಯೊಬ್ಬರ ಚಿಕ್ಕ ಪುಸ್ತಕವನ್ನು ಲೆಡ್ಜರಿನ ಜೊತೆ ಇಟ್ಟು ನೋಡಿ. ಅರ್ಧ ದಿನದ ಕೆಲಸ. ಸದಸ್ಯೆಯರೂ ಪುಸ್ತಕವನ್ನು ಕಾರ್ಯದರ್ಶಿಯ ಮನೆಯ ಕಪಾಟಿನಲ್ಲಿ ಬಿಟ್ಟು ಬರಬೇಡಿ, ನಿಮ್ಮ ಕೈಯಲ್ಲೇ ಇರಲಿ. ಆ ಅಮ್ಮನ ಪುಸ್ತಕ ಅವರ ಚೀಲದಲ್ಲಿದ್ದುದರಿಂದಲೇ ಅಂದು ಲೆಕ್ಕ ಸಿಕ್ಕಿತು.

ಲೆಕ್ಕದ ಒಂದು ಕನ್ನಡ ಪ್ರತಿ ಮಾಡಿ ಚಪ್ಪರದ ಕಂಬಕ್ಕೆ ಅಂಟಿಸಲು ಯಾರ ಅನುಮತಿಯೂ ಬೇಡ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರವ್ಯವಹಾರ ಮಾಡುವ ಅವಕಾಶವನ್ನು ಇಟ್ಟಿದ್ದರು. ಸರಕಾರಕ್ಕೇ ಕನ್ನಡದಲ್ಲಿ ಬರೆಯಬಹುದೆಂದು ಇಟ್ಟ ನೆಲದಲ್ಲಿ ನಿಮ್ಮ ಇಪ್ಪತ್ತು ರೂಪಾಯಿಯ ಲೆಕ್ಕವನ್ನು ಕನ್ನಡದಲ್ಲಿ ಕೇಳುವುದಕ್ಕೆ ಸಂಕೋಚ ಯಾಕೆ? ಮಲಯಾಳದ ಮೇಲೆ ಇದು ದೂರಲ್ಲ. ಓದಿದ ಹುಡುಗಿಯೂ ನಮ್ಮ ನೆರೆಯವಳೇ, ಕೇಳಿದರೆ ಸಂತೋಷದಿಂದ ಬಿಡಿಸಿ ಹೇಳುವವಳೇ.

2023ರ ಅಕ್ಟೋಬರದಿಂದ ಡಿಸೆಂಬರದವರೆಗೆ ‘ತಿರಿಕೆ ಸ್ಕೂಳಿಲ್’ ಎಂದು ರಜಾದಿನಗಳಲ್ಲಿ ಕುಟುಂಬಶ್ರೀಯವರನ್ನೆಲ್ಲ ಶಾಲೆಯ ಬೆಂಚಿನಲ್ಲಿ ಕೂರಿಸಿ ಪಾಠ ಮಾಡಿದರಲ್ಲ, ನಿಮ್ಮಲ್ಲಿ ಹಲವರು ಬುತ್ತಿ ಕಟ್ಟಿಕೊಂಡು ಹೋಗಿದ್ದೀರಿ. ಅಂದು ಕೈ ಎತ್ತಿ ಪ್ರಶ್ನೆ ಕೇಳಿದ ಹಾಗೆಯೇ ಚಪ್ಪರದಲ್ಲೂ ಕೈ ಎತ್ತಿ.

ಆ ಅಮ್ಮನ ಕೂಟದವರು ಅದರ ಮುಂದಿನ ವರ್ಷ ಒಂದು ಕೆಲಸ ಮಾಡಿದರು. ಶಾಲೆಗೆ ಹೋಗುವ ಮೊಮ್ಮಗಳೊಬ್ಬಳಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಲೆಕ್ಕವನ್ನು ಎಡಕ್ಕೆ ಮಲಯಾಳದಲ್ಲೂ ಬಲಕ್ಕೆ ಕನ್ನಡದಲ್ಲೂ ಬರೆಸಿ ಊಟದ ಸಾಲಿನ ಹತ್ತಿರವೇ ತೂಗುಹಾಕಿದರು. ಗಂಜಿಯ ಬಟ್ಟಲು ಹಿಡಿದುಕೊಂಡೇ ಜನ ಓದುತ್ತಿದ್ದರು. ಆ ಸಲ ಅಮ್ಮನೂ ಬಂದಿದ್ದರು, ಕೋಲು ಊರಿಕೊಂಡು. ಕನ್ನಡಕ ತಂದಿರಲಿಲ್ಲ, ನನ್ನದನ್ನು ತೆಗೆದುಕೊಂಡು ಓದಿದರು.