ಒಂದು ವಾಷರ್‌ನ ಬೆನ್ನು ಹತ್ತಿ

ಸುಟ್ಟು ಕರಕಲಾದ ವಿಮಾನದ ಬಲ ರೆಕ್ಕೆ. ಅದರ ಮುಂಭಾಗದ ಒಂದು ಕತ್ತಲ ಸಂದಿಗೆ ಜಪಾನಿನ ತನಿಖಾಧಿಕಾರಿಗಳು ಬೋರೋಸ್ಕೋಪ್ ತೂರಿಸಿದರು. ತುದಿಯಲ್ಲಿ ಪುಟ್ಟ ದೀಪ, ಪುಟ್ಟ ಕಣ್ಣು ಇರುವ ನಳಿಕೆ ಅದು. ಒಳಗೆ ಕಂಡದ್ದು ನೋಡಿ: ಲೋಹದ ಗೋಡೆಯನ್ನು ತೂತು ಮಾಡಿಕೊಂಡು ಆಚೆ ಕಡೆಗೆ ಮೂತಿ ಚಾಚಿ ನಿಂತ ಒಂದು ಬೋಲ್ಟ್! ಆಚೆ ಕಡೆ ಇದ್ದದ್ದು ಇಂಧನದ ಟ್ಯಾಂಕ್.

ಅದಕ್ಕೆ ಕೆಲವೇ ದಿನ ಮೊದಲು, 2007ರ ಆಗಸ್ಟ್ 20ರಂದು, ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 737-800 ತೈಪೆಯಿಂದ ಹೊರಟು ಓಕಿನಾವಾದ ನಾಹಾದಲ್ಲಿ ಇಳಿದಿತ್ತು. ಇಳಿದದ್ದು ಎಂದಿನಂತೆ, ತನ್ನ ಜಾಗಕ್ಕೆ ಹೋಗಿ ನಿಂತದ್ದೂ ಎಂದಿನಂತೆ. ನಿಂತ ಮೇಲೆ ಬೆಂಕಿ! ಜಾರುಬಂಡೆಗಳು ಬಿಚ್ಚಿಕೊಂಡವು, ಪ್ರಯಾಣಿಕರು ಜಾರಿ ಓಡಿದರು, ಪೈಲಟ್‌ಗಳು ಕಾಕ್‌ಪಿಟ್ಟಿನ ಕಿಟಕಿಯಿಂದ ಇಳಿದರು. ಸ್ಫೋಟದ ಮೇಲೆ ಸ್ಫೋಟವಾಗಿ ವಿಮಾನ ಉರಿದುಹೋಯಿತು. ಒಳಗಿದ್ದ 165 ಜನರಲ್ಲಿ ಒಬ್ಬರ ಪ್ರಾಣವೂ ಹೋಗಲಿಲ್ಲ. ಇದನ್ನು ಎಷ್ಟು ಸಲ ಓದಿದರೂ ನನ್ನ ಮೈ ಜುಂ ಎನ್ನುತ್ತದೆ.

ಆದರೆ ಆ ಬೋಲ್ಟ್ ಅಲ್ಲಿಗೆ ಬಂದದ್ದಾದರೂ ಹೇಗೆ?

ರೆಕ್ಕೆಯ ಮುಂದಿನ ಅಂಚಿನಲ್ಲಿ ಸ್ಲ್ಯಾಟ್ ಎಂಬ ಪಟ್ಟಿಗಳಿರುತ್ತವೆ. ಏರುವಾಗ, ಇಳಿಯುವಾಗ ಅವು ಮುಂದಕ್ಕೆ ಜಾರಿ ರೆಕ್ಕೆಯನ್ನು ಅಗಲಿಸುತ್ತವೆ; ವೇಗ ಕಡಿಮೆಯಿದ್ದರೂ ವಿಮಾನ ಗಾಳಿಯಲ್ಲಿ ನಿಲ್ಲುವುದು ಇದರಿಂದಲೇ. ಸ್ಲ್ಯಾಟನ್ನು ಹೊತ್ತು ಹಿಂದೆ ಮುಂದೆ ಓಡಾಡುವ ಬಾಗಿದ ತೋಳಿಗೆ ಟ್ರ್ಯಾಕ್ ಎನ್ನುತ್ತಾರೆ. ಈ ತೋಳು ಹಿಂದಕ್ಕೆ ಸರಿದಾಗ ಎಲ್ಲಿಗೆ ಹೋಗಬೇಕು? ರೆಕ್ಕೆಯ ಒಳಗೆಲ್ಲ ಇಂಧನವೇ ತುಂಬಿದೆಯಲ್ಲ! ಅದಕ್ಕೇ ಟ್ಯಾಂಕಿನೊಳಕ್ಕೇ ಚಾಚಿಕೊಂಡಂತೆ ಒಂದು ಲೋಹದ ಡಬ್ಬಿ ಕೂರಿಸಿದ್ದಾರೆ. ಕತ್ತಿ ಒರೆಗೆ ಸೇರುವ ಹಾಗೆ ಟ್ರ್ಯಾಕ್ ಅದರೊಳಗೆ ಸೇರುತ್ತದೆ. ಸುತ್ತ ಇಂಧನ, ನಡುವೆ ಓಡಾಡುವ ಲೋಹದ ತೋಳು, ಎರಡರ ಮಧ್ಯೆ ತೆಳ್ಳಗಿನ ಗೋಡೆಯೊಂದೇ. ಸ್ಲ್ಯಾಟ್ ಅಳತೆ ಮೀರಿ ಮುಂದೆ ಹೋಗದಂತೆ ತಡೆಯಲು ಟ್ರ್ಯಾಕಿನ ಹಿಂತುದಿಯಲ್ಲಿ ಡೌನ್‌ಸ್ಟಾಪ್ ಎಂಬ ಜೋಡಣೆ ಇದೆ: ಬೋಲ್ಟ್, ನಟ್, ತಡೆಗಳು, ಮತ್ತೆ ಒಂದು ವಾಷರ್.

ಆ ವಾಷರ್ ಇರಲಿಲ್ಲ. ನಟ್ ಬೋಲ್ಟಿನ ಮೇಲೇ ಇತ್ತು, ಆದರೂ ಅದಕ್ಕೆ ಆಸರೆಯಿರಲಿಲ್ಲ. ಇಡೀ ಜೋಡಣೆ ಟ್ರ್ಯಾಕಿನ ತೂತಿನಲ್ಲಿ ನುಸುಳಿ ಡಬ್ಬಿಯೊಳಗೆ ಬಿತ್ತು. ವಿಮಾನ ನೆಲ ಮುಟ್ಟಿದ ಮೇಲೆ ಪೈಲಟ್ ಸ್ಲ್ಯಾಟ್ ಒಳಗೆಳೆದರು. ಟ್ರ್ಯಾಕ್ ಹಿಂದೆ ಸರಿಯಿತು, ದಾರಿಗೆ ಅಡ್ಡ ಬಿದ್ದಿದ್ದ ಬೋಲ್ಟನ್ನು ಗೋಡೆಗೊತ್ತಿ ಆಚೆಗೆ ತಳ್ಳಿತು. ತೂತಿನಿಂದ ಸೋರಿದ ಇಂಧನ ರೆಕ್ಕೆಯ ಹೊರಗೆ ಬಂದು ಬಿಸಿ ಎಂಜಿನ್ನನ್ನು ಮುಟ್ಟಿತು. ಬೆರಳಲ್ಲಿ ಎತ್ತಿಕೊಳ್ಳಬಹುದಾದ ಒಂದು ಬಿಲ್ಲೆ ಇಲ್ಲದ್ದಕ್ಕೆ ಇಷ್ಟೆಲ್ಲ!

ಇನ್ನೂ ಬೆರಗಿನ ಸಂಗತಿಯೊಂದಿದೆ. ಬೆಂಕಿ ಬಿದ್ದ ಐದನೇ ದಿನಕ್ಕೇ, ಆಗಸ್ಟ್ 25ರಂದು, ಅಮೆರಿಕದ ವಾಯುಯಾನ ಇಲಾಖೆ ಎಫ್‌ಎಎ ತುರ್ತು ಆದೇಶ ಹೊರಡಿಸಿತು: ಈ ಪೀಳಿಗೆಯ 737ಗಳ ಸ್ಲ್ಯಾಟ್ ಡಬ್ಬಿಗಳನ್ನೆಲ್ಲ 24 ದಿನಗಳೊಳಗೆ ಇಣುಕಿ ನೋಡಲೇಬೇಕು. ಇದು ಸಲಹೆಯಲ್ಲ, ಕಡ್ಡಾಯ. ನೋಡದೆ ಬಿಟ್ಟ ವಿಮಾನ ಹಾರುವಂತಿಲ್ಲ. ಮೆಕ್ಯಾನಿಕ್‌ಗಳು ಬೋರೋಸ್ಕೋಪ್ ಹಿಡಿದು ರೆಕ್ಕೆಗಳ ಕೆಳಗೆ ನಿಂತರು. ಸಿಕ್ಕಿತು! ಒಂದರಲ್ಲಲ್ಲ, ಬೇರೆ ಬೇರೆ ವಿಮಾನಗಳಲ್ಲಿ ಸಡಿಲಗೊಂಡ, ಕಳಚಿಕೊಂಡ ಬಿಡಿಭಾಗಗಳು ಸಿಕ್ಕವು. ಅವೆಲ್ಲ ನಿನ್ನೆ ಮೊನ್ನೆಯವರೆಗೂ ಜನರನ್ನು ಹೊತ್ತು ಹಾರುತ್ತಿದ್ದ ವಿಮಾನಗಳೇ. ಆದೇಶ ತಿದ್ದುಪಡಿಯಾಯಿತು: 24 ದಿನ ಹೋಗಿ 10 ದಿನವಾಯಿತು. ಇಂಥ ಆದೇಶಗಳ ಒಣ ಭಾಷೆ ಕಂಡು ಪುಟ ಮಗುಚುವವರೇ ಹೆಚ್ಚು. ನನಗಂತೂ ಇದಕ್ಕಿಂತ ರೋಮಾಂಚಕವಾದ ಓದು ಇನ್ನೊಂದಿಲ್ಲ.

ಜಪಾನಿನ ಸಾರಿಗೆ ಸುರಕ್ಷತಾ ಮಂಡಳಿಯ ವರದಿ 2009ರಲ್ಲಿ ಹೊರಬಂತು. ವಾಷರ್ ಕಳೆದುಹೋದ ಗಳಿಗೆಯನ್ನೂ ಅದು ಬೆನ್ನಟ್ಟಿತು. ಅಪಘಾತಕ್ಕೆ ಸುಮಾರು ಒಂದೂವರೆ ತಿಂಗಳು ಮೊದಲು ಅದೇ ಜಾಗದಲ್ಲಿ ರಿಪೇರಿ ನಡೆದಿತ್ತು. ಯಾಕೆ ಗೊತ್ತೇ? ಆ ನಟ್ ಸಡಿಲವಾಗದಿರಲಿ ಎಂದು ವಿಮಾನ ತಯಾರಕರೇ ಹೇಳಿ ಮಾಡಿಸಿದ ಕೆಲಸ ಅದು! ಕೈ ಹೋಗದ, ಕಣ್ಣಿಗೆ ಸರಿಯಾಗಿ ಕಾಣದ ಇಕ್ಕಟ್ಟು. ನಟ್ ಬಿಚ್ಚಿದಾಗ ವಾಷರ್ ಜಾರಿತು. ಆ ಇಕ್ಕಟ್ಟನ್ನು ತಯಾರಕರಾಗಲಿ, ವಿಮಾನ ಸಂಸ್ಥೆಯಾಗಲಿ ತಮ್ಮ ಕಾಗದಪತ್ರ ಸಿದ್ಧಪಡಿಸುವಾಗ ಸಾಕಷ್ಟು ಗಮನಿಸಿರಲಿಲ್ಲ. ವಾಷರ್ ಬಿಟ್ಟುಹೋದರೂ ಜೋಡಣೆ ಉದುರದಂತೆ ತಡೆಯುವ ವಿನ್ಯಾಸವೂ ಇರಲಿಲ್ಲ. ಮಂಡಳಿ ಅಷ್ಟಕ್ಕೆ ನಿಲ್ಲಿಸದೆ ಇನ್ನೊಂದನ್ನೂ ಬರೆದಿಟ್ಟಿದೆ: ಕೆಲಸ ಎಷ್ಟು ಕಷ್ಟವಿತ್ತು ಎಂಬುದನ್ನು ಅದನ್ನು ಮಾಡಿದವರೂ ಅವರ ಮೇಲ್ವಿಚಾರಕರೂ, ಕೆಲಸ ಹೇಳಿದವರಿಗೆ ತಿಳಿಸಲೇ ಇಲ್ಲ.