ಸುಮ್ಮನೆ ನಿಂತ ಕರ್ಣ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆಯಿದೆ. ಅದರ ಮೇಲಿರುವುದು ಅಶೋಕನ ಶಾಸನ. ಅದೂ, ಅಲ್ಲೇ ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳೂ 1892ರಲ್ಲಿ ಬಿ.ಎಲ್. ರೈಸ್ ಅವರ ಕಣ್ಣಿಗೆ ಬಿದ್ದವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆ ಇದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ಕೊನೆಯಲ್ಲಿ ತನ್ನ ಹೆಸರು ಹಾಕಿ, ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಸುಮಾರು 2,250 ವರ್ಷಗಳ ಹಿಂದೆ ಈ ಗುಡ್ಡದ ಬುಡದಲ್ಲಿ ದನ ಕುರಿ ಕಾಯುತ್ತಿದ್ದವರಲ್ಲಿ ಇದನ್ನು ಓದಬಲ್ಲವರು ಎಷ್ಟು ಜನ ಇದ್ದಾರು? ಅವರು ಓದಲಿ ಎಂದು ಇದನ್ನು ಕೆತ್ತಿದ್ದಲ್ಲ, ಕೇಳಲಿ ಎಂದು. ಗುತ್ತಿಯ ಕಡೆಯ ಎರ್ರಗುಡಿಯ ಶಾಸನದಲ್ಲಿ, ಅಧಿಕಾರಿಗಳು ಭೇರಿ ಬಾರಿಸಿ ನಾಡಿನ ಜನಕ್ಕೆ ತಿಳಿಸಬೇಕು ಎಂಬ ಸೂಚನೆಯೇ ಇದೆ. ಒಡಿಶಾದ ಧೌಲಿಯಲ್ಲಿ, ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಜನರಿಗೆ ಕೇಳಿಸಬೇಕು ಎಂದಿದೆ. ಒಬ್ಬ ನಿಂತು ಹೇಳಬೇಕು, ನೂರು ಜನ ಸುತ್ತ ಕೂತು ಕೇಳಬೇಕು. ಆಗ ಆ ಬರಹದ ಕೆಲಸ ಪೂರ್ತಿಯಾಗುತ್ತಿತ್ತು.

ನಾಟಕದ ಪುಸ್ತಕವೂ ಇದೇ ಜಾತಿಯ ಬರಹ. ಕಥೆ, ಕಾದಂಬರಿ ಅಚ್ಚಾದ ದಿನವೇ ಪೂರ್ತಿಯಾದವು. ನಾಟಕದ ಪುಸ್ತಕ ಮಾತ್ರ ಇನ್ನೂ ಯಾರೋ ಬಂದು ತನ್ನನ್ನು ಎತ್ತಿ ನಿಲ್ಲಿಸಲಿ ಎಂದು ಕಾಯುತ್ತಿರುತ್ತದೆ. ಹಾಗಾದರೆ ಅದನ್ನು ಓದುವವರಿಗೆ ಸಿಗುವುದೇನು, ನೋಡುವವರಿಗೆ ಸಿಗುವುದೇನು? ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಮಳೆ ಕಡಿಮೆ ಬೀಳುವ, ಶೇಂಗಾ ಬೆಳೆಯುವ ಈ ಬಯಲಿನಲ್ಲಿ ನಾಟಕವನ್ನು ಓದಿದವರಿಗಿಂತ ನಾಟಕವನ್ನು ಆಡಿದವರೇ ಹೆಚ್ಚು.

ಊರಿನವರು ಒಂದು ಪೌರಾಣಿಕ ನಾಟಕ ಕಟ್ಟುವ ಬಗೆಯನ್ನು ನೋಡಿ. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ, ಜಾತ್ರೆಗೋ ಯುಗಾದಿಗೋ ಒಂದು ‘ಕುರುಕ್ಷೇತ್ರ’ವನ್ನೋ ‘ರಕ್ತರಾತ್ರಿ’ಯನ್ನೋ ಆಡಬೇಕೆಂದು ಮಾತಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಪೂರ್ತಿ ಪುಸ್ತಕ ಇರುವುದು ಅವರ ಕೈಯಲ್ಲಿ ಮಾತ್ರ. ಉಳಿದವರೆಲ್ಲ ತಮ್ಮ ತಮ್ಮ ಪಾರ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ: ತನ್ನ ಮಾತು, ತನ್ನ ಕಂದಪದ್ಯ, ತನ್ನ ಹಾಡು, ನಡುವೆ ಎದುರಿನ ಪಾತ್ರದ ಮಾತಿನ ಬಾಲ ಒಂದೆರಡು ಪದ. ಅದು ಕಿವಿಗೆ ಬಿದ್ದಾಗ ತಾನು ಶುರು ಮಾಡಬೇಕು, ಅಷ್ಟಕ್ಕೆ. ಅಕ್ಷರ ಬಾರದವರು ಇನ್ನೊಬ್ಬರಿಂದ ಹೇಳಿಸಿಕೊಂಡೇ ಬಾಯಿಪಾಠ ಮಾಡುತ್ತಾರೆ. ಗುಡಿಯ ಕಟ್ಟೆಯಲ್ಲೋ ಶಾಲೆಯ ಜಗಲಿಯಲ್ಲೋ ರಾತ್ರಿ ಊಟವಾದ ಮೇಲೆ ತಾಲೀಮು ನಡೆಯುತ್ತದೆ. ಹೆಣ್ಣುಪಾತ್ರಕ್ಕೆ ಗೊತ್ತು ಮಾಡಿದ ಕಲಾವಿದೆಯರು ಕೊನೆಗೆ ಬಂದು ಸೇರಿಕೊಳ್ಳುವುದೂ ಉಂಟು. ಅಂದರೆ ಇಲ್ಲಿ ಕರ್ಣನಾಗುವವನು ನಾಟಕವನ್ನು ಪೂರ್ತಿಯಾಗಿ ಒಮ್ಮೆಯೂ ಓದಿಲ್ಲದೇ ಇರಬಹುದು. ಇಡೀ ನಾಟಕ ಅವನಿಗೂ ಪರಿಚಯವಾಗುವುದು ಜೊತೆಯವರ ಬಾಯಿಂದ.

ಇದನ್ನು ಹಳ್ಳಿಯ ಕೊರತೆ ಎಂದು ತಿಳಿಯಬಾರದು. ಶೇಕ್ಸ್‌ಪಿಯರ್ ಕಾಲದ ಲಂಡನ್ನಿನ ನಟರಿಗೂ ಸಿಗುತ್ತಿದ್ದದ್ದು ಇಷ್ಟೇ. ತನ್ನ ಮಾತುಗಳು ಮತ್ತು ಎದುರಿನವನ ಕೊನೆಯ ಎರಡು ಮೂರು ಪದಗಳು ಇರುವ ಕಾಗದದ ಸುರುಳಿ. ಎಡ್ವರ್ಡ್ ಆಲೀನ್ ಎಂಬ ನಟ ಬಳಸಿದ ಅಂಥ ಒಂದು ಪ್ರತಿ ಡಲಿಚ್‌ನಲ್ಲಿ ಇಂದಿಗೂ ಉಳಿದಿದೆ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಅವನ 36 ನಾಟಕಗಳನ್ನು ಒಟ್ಟು ಸೇರಿಸಿ ಅಚ್ಚು ಹಾಕಿದ್ದು ಏಳು ವರ್ಷದ ನಂತರ, 1623ರಲ್ಲಿ, ಅದೂ ಅವನ ಜೊತೆ ಕೆಲಸ ಮಾಡಿದ ಇಬ್ಬರು ನಟರ ಮುತುವರ್ಜಿಯಿಂದ. ಅವುಗಳಲ್ಲಿ ಸುಮಾರು ಅರ್ಧದಷ್ಟು ಆವರೆಗೆ ಅಚ್ಚನ್ನೇ ಕಂಡಿರಲಿಲ್ಲ, ‘ಮ್ಯಾಕ್‌ಬೆತ್’ ಕೂಡ. ಜನ ಅದನ್ನು ನೋಡಿದ್ದರು, ಯಾರೂ ಕೊಂಡು ಓದಿರಲಿಲ್ಲ. ‘ರಕ್ತರಾತ್ರಿ’ ಬರೆದ ಕಂದಗಲ್ ಹನುಮಂತರಾಯರನ್ನು ನಮ್ಮವರು ಕರ್ನಾಟಕದ ಶೇಕ್ಸ್‌ಪಿಯರ್ ಎನ್ನುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಅವರ ಮಾತುಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುವವರು ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಅದು ಬಂದದ್ದು ಕಿವಿಯಿಂದ.

ಈಗ ಓದಿಗೂ ನೋಟಕ್ಕೂ ಇರುವ ದೊಡ್ಡ ವ್ಯತ್ಯಾಸಕ್ಕೆ ಬರೋಣ. ಮಾತಿನ ಏರಿಳಿತ, ಬಣ್ಣ, ಬೆಳಕು ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಬೇರೆ ಇದೆ. ಪುಸ್ತಕದಲ್ಲಿ ಮಾತಾಡದವನು ಇಲ್ಲವಾಗುತ್ತಾನೆ.

ಕುಂತಿ ಕರ್ಣನ ಬಳಿ ಬರುವ ದೃಶ್ಯವನ್ನು ತೆಗೆದುಕೊಳ್ಳಿ. ಪುಸ್ತಕದಲ್ಲಿ ಕುಂತಿಯ ಮಾತು ಮುಕ್ಕಾಲು ಪುಟ. ಹೆತ್ತದ್ದು, ಹೊಳೆಯಲ್ಲಿ ಬಿಟ್ಟದ್ದು, ಇಷ್ಟು ದಿನ ನುಂಗಿಕೊಂಡಿದ್ದು. ನಾವು ಆ ಮುಕ್ಕಾಲು ಪುಟ ಓದುವಷ್ಟು ಹೊತ್ತು ಕುಂತಿಯ ಜೊತೆಗೇ ಇರುತ್ತೇವೆ. ಕರ್ಣನ ಹೆಸರು ಮತ್ತೆ ಪುಟದ ಎಡತುದಿಯಲ್ಲಿ ಕಾಣಿಸಿಕೊಳ್ಳುವವರೆಗೆ ಅವನು ನಮ್ಮ ಮನಸ್ಸಿನಲ್ಲಿ ಇರುವುದಿಲ್ಲ. ರಂಗದ ಮೇಲೆ ಹಾಗಲ್ಲ. ಅವನು ಅಲ್ಲೇ ನಿಂತಿದ್ದಾನೆ. ಕುಂತಿ ಆಡುವ ಒಂದೊಂದು ಮಾತೂ ಅವನ ಮೇಲೆ ಬೀಳುವುದನ್ನು ನಾವು ನೋಡುತ್ತೇವೆ. ಮೊದಲು ಬಿಲ್ಲಿನ ಮೇಲಿದ್ದ ಕೈ ಯಾವಾಗಲೋ ಕೆಳಗೆ ಇಳಿದಿರುತ್ತದೆ. ಅವನು ಅವಳ ಕಡೆ ನೋಡುತ್ತಿಲ್ಲ ಎನ್ನುವುದು ಗೊತ್ತಾಗುತ್ತದೆ, ಆಮೇಲೆ ನೋಡಿದ ಎನ್ನುವುದೂ ಗೊತ್ತಾಗುತ್ತದೆ. ನೋಡುವವರ ಅರ್ಧ ಕಣ್ಣು ಕುಂತಿಯ ಮೇಲೆ, ಅರ್ಧ ಕಣ್ಣು ಕರ್ಣನ ಮೇಲೆ. ಆಮೇಲೆ ಅವನು ಬಾಯಿ ತೆರೆದಾಗ ಬರುವ ಉತ್ತರಕ್ಕೆ, ಆ ಸುಮ್ಮನೆ ನಿಂತ ಹೊತ್ತಿನ ಭಾರವೆಲ್ಲ ಸೇರಿರುತ್ತದೆ. ಈ ಮೌನಕ್ಕೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ನಾಟಕಕಾರ ಅದನ್ನು ಬರೆದಿಲ್ಲ ಎಂದಲ್ಲ. ಇಬ್ಬರನ್ನು ಎದುರೆದುರು ನಿಲ್ಲಿಸಿದಾಗಲೇ ಬರೆದಿದ್ದಾನೆ.

ಇನ್ನೊಂದು, ಹೊತ್ತು. ಓದುವವರ ಹೊತ್ತು ಅವರದೇ. ಸಾಕಾದರೆ ಪುಟ ಮಡಚಿಡಬಹುದು, ಬೇಸರವಾದರೆ ಹಾರಿಸಬಹುದು. ನೋಡುವವರ ಹೊತ್ತು ಆಟದ ಕೈಯಲ್ಲಿರುತ್ತದೆ. ಬಯಲುಸೀಮೆಯ ಬಯಲಾಟದಲ್ಲಿ, ದೊಡ್ಡಾಟ ಎನ್ನಿ, ಮೂಡಲಪಾಯ ಎನ್ನಿ, ರಾಕ್ಷಸನ ಬರವು ಪ್ರತಿಯಲ್ಲಿ ಒಂದೇ ಪದ: ಪ್ರವೇಶ. ಅಟ್ಟದ ಮೇಲೆ ಅದೊಂದು ದೊಡ್ಡ ಪ್ರಸಂಗ. ಇಬ್ಬರು ತೆರೆ ಹಿಡಿಯುತ್ತಾರೆ. ಹಿಂದೆ ಗೆಜ್ಜೆಯ ಸದ್ದು, ಆರ್ಭಟ. ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟದ ತುದಿ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಮದ್ದಳೆ ಏರುತ್ತಾ ಹೋಗುತ್ತದೆ. ಮುಂದೆ ಕೂತ ಮಕ್ಕಳು ಹಿಂದಕ್ಕೆ ಸರಿದು ತಾಯಂದಿರ ಮಡಿಲು ಸೇರಿದ ಮೇಲೆ ತೆರೆ ಬೀಳುತ್ತದೆ. ರಾಕ್ಷಸ ಬಂದ ಎಂಬುದು ಓದಿಗೆ ಒಂದು ಸುದ್ದಿ. ಇಲ್ಲಿ ಅದು ಹೊಟ್ಟೆಯಲ್ಲಿ ಆಗುವ ಸಂಗತಿ.

ಹಾಡಿನದೂ ಅದೇ ಲೆಕ್ಕ. ಗಡಿಯಾಚೆ ರಾಯದುರ್ಗ, ಕಲ್ಯಾಣದುರ್ಗದ ಕಡೆ ತೆಲುಗು ಪದ್ಯನಾಟಕದ ಗಾಳಿ ಜೋರು. ಅದು ಗಡಿಯೀಚೆಗೂ ಬೀಸುತ್ತದೆ. ನಾಲ್ಕು ಸಾಲಿನ ಒಂದು ಪದ್ಯ ಓದಲು ಅರ್ಧ ನಿಮಿಷ ಬೇಡ. ಒಳ್ಳೆಯ ಕಂಠದ ಕೃಷ್ಣ ರಾಗ ಎಳೆದು ಹಾಡಿದರೆ ನಾಲ್ಕೈದು ನಿಮಿಷ, ಜನ ಒನ್ಸ್ ಮೋರ್ ಎಂದರೆ ಅದರ ಎರಡು ಪಟ್ಟು. ಕಂಪನಿ ನಾಟಕದ ಕಾಲದಲ್ಲಿ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿದ್ದುಂಟು. ಓದಿದವರಿಗೆ ಇದು ಕಥೆಯ ಓಟಕ್ಕೆ ಅಡ್ಡಿ ಎನ್ನಿಸಬಹುದು. ಆದರೆ ಕಥೆ ಗೊತ್ತಿಲ್ಲದವರು ಅಲ್ಲಿ ಯಾರೂ ಇಲ್ಲ. ಮುಂದೇನಾಯಿತು ಎಂದು ತಿಳಿಯಲು ಯಾರೂ ರಾತ್ರಿಯೆಲ್ಲ ಚಳಿಯಲ್ಲಿ ಗೋಣಿಚೀಲದ ಮೇಲೆ ಕೂರುವುದಿಲ್ಲ.

ಅಲ್ಲದೆ ಅಲ್ಲಿ ದುರ್ಯೋಧನನಾಗಿ ಗದೆ ಹೊತ್ತವನು ಬೆಳಿಗ್ಗೆ ನಮ್ಮ ಅಂಗಿ ಹೊಲಿದವನು. ಭೀಮ, ಪಕ್ಕದ ಹೊಲದವನು. ಓದುವವರಿಗೆ ದುರ್ಯೋಧನ ಒಬ್ಬನೇ. ನೋಡುವವರಿಗೆ ಇಬ್ಬರು, ಒಂದೇ ಮೈಯಲ್ಲಿ. ದಿನವೂ ತಲೆ ತಗ್ಗಿಸಿ ನಡೆಯುವ ಮನುಷ್ಯ ತೊಡೆ ತಟ್ಟಿ ಸಿಂಹಾಸನದ ಮೇಲೆ ಕೂತಾಗ ಅವನ ಮನೆಯವರ ಕಣ್ಣಲ್ಲಿ ಕಾಣುವ ಬೆಳಕು ಕಂದಗಲ್ಲರು ಬರೆದದ್ದಲ್ಲ; ಅವರ ಮಾತಿಲ್ಲದೆ ಹುಟ್ಟುವಂಥದ್ದೂ ಅಲ್ಲ.

ಪುಸ್ತಕದಲ್ಲಿ ಎಷ್ಟು ಬರೆದಿರಬೇಕು ಎನ್ನುವುದೂ ಎಲ್ಲ ಕಡೆ ಒಂದೇ ಅಲ್ಲ. ದೊಡ್ಡಾಟದ ಪ್ರತಿಯಲ್ಲಿ ಹಾಡಿನ ಜೊತೆಗೆ ಮಾತೂ ಬರೆದಿರುತ್ತದೆ, ನಟ ಅದನ್ನು ಬಾಯಿಪಾಠ ಮಾಡುತ್ತಾನೆ. ಕರಾವಳಿಯ ಯಕ್ಷಗಾನ ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ. ಮಾತೆಲ್ಲ ಆ ರಾತ್ರಿ, ಆ ಕಲಾವಿದನ ನಾಲಿಗೆಯಲ್ಲಿ ಹುಟ್ಟುವುದು. ಅದನ್ನು ಓದಿ ಆಟ ತಿಳಿಯುತ್ತೇನೆ ಎಂದರೆ ಆಗದು. ನಮ್ಮ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯದಂತೂ ಇನ್ನೂ ಆಚೆಯ ಮಾತು. ಅಕ್ಷರ ಕಲಿಯದ ಆಕೆಯ ಎದೆಯಲ್ಲಿ ಸಾವಿರಾರು ಹಾಡುಗಳಿದ್ದವು; ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ಕೃಷ್ಣಮೂರ್ತಿ ಹನೂರರು ಕೂತು ಕೇಳಿ ಬರೆದುಕೊಂಡದ್ದರಿಂದ ಅವು ನಮಗೆ ಓದಲು ಸಿಕ್ಕಿವೆ. ಸಾಲು ಸಾಲಿಗೂ ಸೊಲ್ಲು ಎತ್ತುವ ಜೊತೆಯ ಹೆಂಗಸರ ದನಿಯನ್ನು ಮಾತ್ರ ಓದುವವರೇ ಕೂಡಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಓದುವುದು ದಂಡ ಎಂದುಕೊಳ್ಳಬಾರದು. ಚಳ್ಳಕೆರೆ ತಾಲ್ಲೂಕಿನ ತಳುಕಿನವರು ಟಿ.ಎಸ್. ವೆಂಕಣ್ಣಯ್ಯ, ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು, ಕುವೆಂಪು ಅವರ ಗುರು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾಗಿರುವುದು ಅವರಿಗೇ. ಆ ಶಿಷ್ಯರು ತಮ್ಮ ನಾಟಕಗಳ ವಿಷಯಕ್ಕೆ ಮನೋರಂಗಭೂಮಿ ಎಂಬ ಮಾತು ತಂದರು: ಓದುವವರ ಮನಸ್ಸೇ ರಂಗ. 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮ ಬಿಟ್ಟ ಬಾಣ ತಪಸ್ಸಿಗೆ ಕೂತ ಶಂಬೂಕನನ್ನು ಬಿಟ್ಟು, ಅವನ ಮೇಲೆ ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಹಲಗೆಯ ರಂಗದ ಮೇಲೆ ಆ ಬಾಣವನ್ನು ಹೇಗೆ ತಿರುಗಿಸುತ್ತೀರಿ? ಮನಸ್ಸಿನಲ್ಲಿ ಅದು ಸಲೀಸಾಗಿ ತಿರುಗುತ್ತದೆ, ಕಾಡಿನ ಮರಗಳ ನಡುವೆ ಉರಿಯುತ್ತಾ ಬರುತ್ತದೆ. ಮುಂದೆ ರಂಗತಂಡಗಳು ಈ ನಾಟಕವನ್ನೂ ಆಡಿದವು, ಬಾಣಕ್ಕೂ ದಾರಿ ಕಂಡುಕೊಂಡವು. ಆದರೂ ಓದುವಾಗ ಕಂಡ ಬಾಣ ಬೇರೆಯೇ.

ಓದಿನ ಇನ್ನೊಂದು ಲಾಭ ನನಗೆ ತಡವಾಗಿ ತಿಳಿಯಿತು. ಆಡುವವರು ಆರಿಸಲೇಬೇಕು. 1964ರಲ್ಲಿ ಬಂದ ಗಿರೀಶ ಕಾರ್ನಾಡರ ‘ತುಘಲಕ್’ ಓದುವಾಗ, ಈತ ಕನಸುಗಾರನೋ ಕ್ರೂರಿಯೋ ಎಂಬುದನ್ನು ತೀರ್ಮಾನಿಸದೆ ಕೊನೆಯ ಪುಟದವರೆಗೆ ಹೋಗಬಹುದು, ಮತ್ತೆ ಹಿಂದಿನ ಪುಟಕ್ಕೆ ಬಂದು ಒಂದು ಮಾತನ್ನು ಎರಡು ದನಿಯಲ್ಲಿ ಕೇಳಿಸಿಕೊಳ್ಳಬಹುದು. ನಟನಿಗೆ ಬಾಯಿ ಒಂದೇ. ಆ ಸಂಜೆ ಆ ಮಾತು ಒಂದೇ ದನಿಯಲ್ಲಿ ಬರಬೇಕು. ಹಾಗಾಗಿ ಒಂದು ನಾಟಕವನ್ನು ಎರಡು ತಂಡ ಆಡಿದ್ದನ್ನು ನೋಡಿದವರು, ನಡುವೆ ಒಮ್ಮೆ ಪುಸ್ತಕ ಓದಿದರೆ, ಪ್ರತಿ ತಂಡ ಏನನ್ನು ಹಿಡಿಯಿತು, ಏನನ್ನು ಕೈಬಿಟ್ಟಿತು ಎಂದು ಕಾಣುತ್ತಾರೆ. ನಮ್ಮದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ವರ್ಷ ವರ್ಷವೂ ನಾಟಕ ಹೊತ್ತು ನಾಡು ಸುತ್ತುತ್ತಿದೆ. ಹತ್ತಿರದ ಊರಿಗೆ ಬಂದಾಗ ಆ ನಾಟಕದ ಪುಸ್ತಕ ಸಿಕ್ಕರೆ, ಮೊದಲು ಆಟ ನೋಡಿ, ಆಮೇಲೆ ಓದಿ. ಮೊದಲೇ ಓದಿ ಹೋದರೆ ನಮ್ಮ ಮನಸ್ಸಿನ ಕರ್ಣನೊಂದಿಗೆ ಎದುರಿನ ಕರ್ಣನನ್ನು ಅಳೆಯುತ್ತಾ ಕೂರುತ್ತೇವೆ. ಇದು ನನ್ನ ಅಭಿಪ್ರಾಯ. ಬೇರೆ ಹೇಳುವವರೂ ಇದ್ದಾರೆ.

ಶಾಲೆಯ ಪಠ್ಯದಲ್ಲಿ ಬರುವ ನಾಟಕದ ಪಾಠಕ್ಕೂ ಇದರಿಂದ ಒಂದು ದಾರಿ ಸಿಗುತ್ತದೆ. ಮೇಷ್ಟ್ರು ಒಬ್ಬರೇ ಎಲ್ಲರ ಮಾತನ್ನೂ ಓದಿ ಮುಗಿಸುವ ಬದಲು, ಹಳ್ಳಿಯ ಮೇಷ್ಟ್ರ ಹಾಗೆ ಪಾರ್ಟು ಹಂಚಬಹುದು. ಮಕ್ಕಳು ತಮ್ಮ ಮಾತನ್ನೂ ಎದುರಿನವರ ಮಾತಿನ ಬಾಲವನ್ನೂ ಮಾತ್ರ ನೋಟ್‌ಬುಕ್ಕಿಗೆ ಬರೆದುಕೊಳ್ಳಲಿ, ಪುಸ್ತಕ ಮುಚ್ಚಿಡಲಿ. ಆಗ ಇನ್ನೊಬ್ಬರ ಮಾತನ್ನು ಕಿವಿಗೊಟ್ಟು ಕೇಳದೆ ಯಾರಿಗೂ ವಿಧಿಯಿಲ್ಲ. ಮಾತಿಲ್ಲದ ಪಾತ್ರಗಳನ್ನೂ ಬಿಡಬಾರದು: ಸಭೆಯ ಭೀಷ್ಮ, ಬಾಗಿಲ ಕಾವಲಿನವನು, ಕುಂತಿಯ ಜೊತೆ ಬಂದ ದಾಸಿ. ಅವರನ್ನೂ ಕರೆದು ಕಪ್ಪುಹಲಗೆಯ ಮುಂದೆ ನಿಲ್ಲಿಸಬೇಕು. ಪಾಠ ಮುಗಿದ ಮೇಲೆ ಆ ದಾಸಿಯಾಗಿ ನಿಂತಿದ್ದ ಹುಡುಗಿಯನ್ನು ಕೇಳಿ ನೋಡಿ, ಕುಂತಿ ಮಾತಾಡುವಾಗ ಕರ್ಣ ಎಲ್ಲಿ ನೋಡುತ್ತಿದ್ದ ಎಂದು.